ಗಡಿಯಾಚೆಯ ಸೀಟು

ಎಲ್ಲೂರು, ಮಂಜೇಶ್ವರ ಎರಡೂ 1956ರ ಅಕ್ಟೋಬರ್ 31ರವರೆಗೆ ಒಂದೇ ಜಿಲ್ಲೆ: ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. ಬೆಳಗಾಗುವಷ್ಟರಲ್ಲಿ ನಮ್ಮೂರು ಮೈಸೂರು ರಾಜ್ಯ, ಅಜ್ಜಿಯ ತವರು ಕೇರಳ!

ಚಂದ್ರಗಿರಿ ಹೊಳೆಯ ಉತ್ತರ ಭಾಗ ಇತ್ತ ಸೇರಲಿ ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಗಡಿ ಕದಲಲಿಲ್ಲ. ಕೊನೆಗೆ ಕದಲಿದ್ದು ಸೀಟಿನ ನಿಯಮ. ಕಾಸರಗೋಡು, ಅಕ್ಕಲಕೋಟೆ, ಜತ್ತದಂಥ ತಾಲೂಕುಗಳ ಕನ್ನಡ, ತುಳು, ಕೊಡವ ಮನೆಮಾತಿನ ಮಕ್ಕಳಿಗೆ ಸಿಇಟಿಯಲ್ಲಿ 'ಗಡಿನಾಡ ಕನ್ನಡಿಗ' ಅವಕಾಶ ಸಿಕ್ಕಿತು: ಸರ್ಕಾರಿ ಸೀಟು, ಸರ್ಕಾರಿ ಶುಲ್ಕ. ಷರತ್ತೂ ಇದೆ, ಕನ್ನಡ ಪರೀಕ್ಷೆ ಪಾಸಾಗಬೇಕು.

ಈ ನಿಯಮ ಇಲ್ಲದಿದ್ದರೆ ಮಂಗಳೂರಿನ ಮಗ್ಗುಲಲ್ಲೇ ಇರುವ ಹುಡುಗಿ ಹೊರರಾಜ್ಯದವಳಾಗಿ ಫೀಸು ಕಟ್ಟಬೇಕಿತ್ತು. ಇದನ್ನು ರಿಯಾಯಿತಿ ಅನ್ನೋದು ಸರಿಯಲ್ಲ. ಗೆರೆ ಎಳೆಯುವಾಗ ಅವಳ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.