ದೇವಲನ ನೂಲು, ಮಗಳ ಹಕ್ಕು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮನೆಮಾತಿನ ದೇವಾಂಗರಿಗೆ ನೇಯ್ಗೆಯು ಬರಿಯ ಕಸುಬಲ್ಲ, ದೈವವು ಒಪ್ಪಿಸಿದ ಹೊಣೆ. ಪುರಾಣದಂತೆ, ದೇವಮಾನವರ ಮಾನ ಮುಚ್ಚಲೆಂದು ದೇವಲ ಮಹರ್ಷಿಯು ವಿಷ್ಣುವಿನ ನಾಭಿಕಮಲದಿಂದ ನೂಲನ್ನು ಪಡೆದು ಮರಳುತ್ತಿದ್ದಾಗ ಅಸುರರು ಅಡ್ಡಗಟ್ಟಿದರು. ಪ್ರತ್ಯಕ್ಷಳಾದ ಚೌಡೇಶ್ವರಿಯು ಅವರನ್ನು ಸಂಹರಿಸಿದಳು. ಅವರ ರಕ್ತದಿಂದಲೇ ನೂಲಿಗೆ ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ ಎಂಬ ಐದು ಬಣ್ಣಗಳು ಒದಗಿದವು.

ಕಥೆಯಲ್ಲಿ ನೂಲನ್ನು ಉಳಿಸಿದವಳು ಹೆಣ್ಣು. ಮಗ್ಗವು ಮಾತ್ರ ತಂದೆಯಿಂದ ಮಗನಿಗೆ ಸಂದಿತು. ಮಗಳು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತಿದಳು. ಕಂಡಿಕೆಯಿಲ್ಲದೆ ಲಾಳಿ ಓಡದು. ಆದರೂ ನೇಕಾರರೆಂಬ ಹೆಸರಿನಲ್ಲಿ ಅವಳಿಗೆ ಪಾಲು ಸಿಗಲಿಲ್ಲ.

ಮೊದಲು ಬದಲಾದುದು ಕಾನೂನು. ತಮಿಳುನಾಡು ಸರ್ಕಾರವು 1989ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು, ಅದಕ್ಕೆ ಮುನ್ನ ವಿವಾಹವಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮನಾದ ಜನ್ಮಸಿದ್ಧ ಹಕ್ಕನ್ನು ನೀಡಿತು. ಕರ್ನಾಟಕವು 1994ರಲ್ಲಿ ಇದೇ ದಾರಿ ಹಿಡಿಯಿತು. ಕೇಂದ್ರದ ತಿದ್ದುಪಡಿ ಬಂದುದು 2005ರಲ್ಲಿ.

ಪಾಲುಪತ್ರದಿಂದ ಮನೆ ದೊರೆಯಬಹುದು, ಕೈಚಳಕವು ಕಲಿಸಿದರೆ ಮಾತ್ರ ದೊರೆಯುವುದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಮಕ್ಕಳನ್ನು ಕರೆಯುತ್ತಿರುವ ಈ ಕಾಲದಲ್ಲಿ ಕೈಮಗ್ಗದ ಮುಂದೆ ಕೂರುವವರು ವಿರಳ. ಮಗ್ಗ ನಿಂತರೆ ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ನುಡಿಗಳೂ ನಮ್ಮ ಮನೆಗಳಿಂದ ಮರೆಯಾಗುವುವು. ದೇವಲನ ಹೊಣೆಯನ್ನು ಮಗಳಿಗೂ ಕಲಿಸಿಕೊಡುವುದು ಸಂಪ್ರದಾಯಕ್ಕೆ ಹೊರತಲ್ಲ. ನೂಲನ್ನು ಕಾದ ಚೌಡೇಶ್ವರಿಯ ಕಥೆಯೇ ಅದಕ್ಕೆ ಆಧಾರ.