ಕಡಲಂಚಿಗೆ ನಿಂತ ಸುಧಾರಣೆ

1865ರಲ್ಲಿ ಅಂತರ್ಯುದ್ಧ ಮುಗಿದಾಗ ಅಮೆರಿಕದಲ್ಲಿದ್ದ ರೈಲು ಮಾರ್ಗ ಸುಮಾರು 35,000 ಮೈಲಿ. ಶತಮಾನ ಮುಗಿಯುವ ಹೊತ್ತಿಗೆ ಅದು 1,90,000 ಮೈಲಿ ದಾಟಿತ್ತು. ಹಳಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು, ಎರಡಕ್ಕೂ ಆಳು ಬೇಕು, ಎಲ್ಲಕ್ಕೂ ಸಾಲ ಬೇಕು. ಆ ದೇಶದ ಕೈಗಾರಿಕೆ ಎದ್ದು ನಿಂತದ್ದು ಹೀಗೆ. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದ ಹಳಿಯೂ ಪಶ್ಚಿಮದ ಹಳಿಯೂ ಕೂಡಿದವು. ಸಿಯೆರಾ ನೆವಾಡಾದ ಬಂಡೆ ಸಿಡಿಸಿ ಪಶ್ಚಿಮದಿಂದ ದಾರಿ ಮಾಡಿಕೊಟ್ಟವರಲ್ಲಿ ಬಹುಪಾಲು ಚೀನೀ ಕೂಲಿಗಳು. ಚೀನೀ ಕಾರ್ಮಿಕರು ದೇಶದೊಳಕ್ಕೆ ಕಾಲಿಡಕೂಡದೆಂದು ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿದ್ದು 1882ರಲ್ಲಿ. ಅಷ್ಟರಲ್ಲಿ ಅವರಿಂದ ಆಗಬೇಕಾದ ಕೆಲಸ ಆಗಿತ್ತು.

ಇತಿಹಾಸದ ಪಠ್ಯಗಳು ಈ ಕಾಲವನ್ನು ಸಾಮಾನ್ಯವಾಗಿ ಮೂರು ಅಧ್ಯಾಯ ಮಾಡಿ ಹೇಳುತ್ತವೆ: ಕೈಗಾರಿಕೆ ಬೆಳೆಯಿತು, ಅದರ ಕೆಡುಕನ್ನು ಸುಧಾರಕರು ತಿದ್ದಿದರು, ಆಮೇಲೆ ದೇಶ ಕಡಲು ದಾಟಿತು. ಪರೀಕ್ಷೆಗೆ ಅನುಕೂಲವಾದ ವಿಂಗಡಣೆ. ನಡೆದದ್ದು ಮಾತ್ರ ಮೂರೂ ಒಟ್ಟೊಟ್ಟಿಗೆ, ಎಷ್ಟೋ ಸಲ ಒಬ್ಬನೇ ಮನುಷ್ಯನ ಕೈಯಿಂದ.

ಉಕ್ಕಿನಿಂದಲೇ ನೋಡೋಣ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ ಆಂಡ್ರ್ಯೂ ಕಾರ್ನೆಗಿ 1875ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಬ್ರಾಡಕ್‌ನಲ್ಲಿ ಬೆಸಿಮರ್ ವಿಧಾನದ ಕಾರ್ಖಾನೆ ತೆರೆದ. 1900ರ ಹೊತ್ತಿಗೆ ಅಮೆರಿಕದ ಉಕ್ಕು ವರ್ಷಕ್ಕೆ ಒಂದು ಕೋಟಿ ಟನ್ ಮೀರಿತ್ತು. ಬ್ರಿಟನ್ ಎಂದೋ ಹಿಂದೆ ಬಿದ್ದಿತ್ತು. ಕುಲುಮೆಯ ಮುಂದೆ ನಿಂತವರ ಲೆಕ್ಕ ಬೇರೆ. ದಿನಕ್ಕೆ ಹನ್ನೆರಡು ಗಂಟೆ ದುಡಿಮೆ. ಎರಡು ವಾರಕ್ಕೊಮ್ಮೆ ಹಗಲು ಪಾಳಿ ರಾತ್ರಿ ಪಾಳಿಗೆ ಬದಲಾಗುವಾಗ ಒಂದೇ ಸಮನೆ 24 ಗಂಟೆ. 1892ರಲ್ಲಿ ಹೋಮ್‌ಸ್ಟೆಡ್ ಊರಿನಲ್ಲಿದ್ದ ಕಾರ್ನೆಗಿಯ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಕಾರ್ಮಿಕ ಸಂಘ ಸೆಟೆದು ನಿಂತಾಗ ಅವನು ಸ್ಕಾಟ್ಲೆಂಡಿನಲ್ಲಿದ್ದ. ವ್ಯವಸ್ಥಾಪಕ ಹೆನ್ರಿ ಫ್ರಿಕ್ ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ ಸುಮಾರು 300 ಕಾವಲುಗಾರರನ್ನು ದೋಣಿಯಲ್ಲಿ ಕರೆಸಿದ. ಜುಲೈ 6ರಂದು ಮೊನಾಂಗಹೀಲಾ ನದಿ ದಡದಲ್ಲಿ ದಿನವಿಡೀ ಗುಂಡು ಹಾರಿತು, ಎರಡೂ ಕಡೆ ಹೆಣ ಬಿದ್ದವು, ಸಂಘ ಮುರಿಯಿತು. ಆರು ವರ್ಷಕ್ಕೆ ಅದೇ ಊರಿಗೆ ಕಾರ್ನೆಗಿ ಭವ್ಯವಾದ ಗ್ರಂಥಾಲಯ ಕಟ್ಟಿಸಿಕೊಟ್ಟ. ಹನ್ನೆರಡು ಗಂಟೆ ದುಡಿದವನು ಅಲ್ಲಿ ಯಾವಾಗ ಓದಬೇಕಿತ್ತು?

1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ ಕಾರ್ನೆಗಿಯ ಉದ್ಯಮವನ್ನು ಕೊಂಡು, ಬೇರೆಯವನ್ನೂ ಸೇರಿಸಿ, 140 ಕೋಟಿ ಡಾಲರ್ ಬಂಡವಾಳದ ಯು.ಎಸ್. ಸ್ಟೀಲ್ ಕಟ್ಟಿದ. ಅದಕ್ಕೂ ಮುಂಚೆ ಅವನು ಇದೇ ರೀತಿ ಬೆಸೆದದ್ದು ಜನರಲ್ ಎಲೆಕ್ಟ್ರಿಕ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅಲ್ಲಿ ತಿರುಗಿದ್ದು ಆ ಕಂಪನಿಯ ಜನರೇಟರುಗಳು.

ಹೀಗೆ ಬೆಳೆದ ಟ್ರಸ್ಟುಗಳಿಗೆ, ಅಂದರೆ ಏಕಸ್ವಾಮ್ಯದ ಕಂಪನಿಕೂಟಗಳಿಗೆ, ಕಡಿವಾಣ ಹಾಕಲು 1890ರಲ್ಲೇ ಶೆರ್ಮನ್ ಕಾಯ್ದೆ ಬಂದಿತ್ತು. ಆದರೆ ದೇಶದ ಸಕ್ಕರೆ ಶುದ್ಧೀಕರಣವನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿತದಲ್ಲಿಟ್ಟುಕೊಂಡಿದ್ದ ಟ್ರಸ್ಟು 1895ರಲ್ಲಿ ಸುಪ್ರೀಂ ಕೋರ್ಟಿನಿಂದ ನಿರಾಳವಾಗಿ ಹೊರಬಂತು: ತಯಾರಿಕೆ ವ್ಯಾಪಾರವಲ್ಲ ಎಂಬುದು ನ್ಯಾಯಾಲಯದ ವಾದ. ಕಾಯ್ದೆಗೆ ಹಲ್ಲು ಬಂದದ್ದು ತಡವಾಗಿ. ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಪ್ರತಿಸ್ಪರ್ಧಿಗಳನ್ನು ಹೇಗೆ ಹಿಂಡಿ ಹಾಕಿತೆಂದು ಐಡಾ ಟಾರ್ಬೆಲ್ 1902ರಿಂದ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ದಾಖಲೆ ಸಮೇತ ಬರೆದರು. 1911ರಲ್ಲಿ ಆ ಕಂಪನಿ 34 ತುಂಡಾಯಿತು.

ಬೀದಿಯ ಮಟ್ಟದ ಸುಧಾರಣೆ ಹುಟ್ಟಿದ್ದು ಬೇರೆಡೆ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೋದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ಎಂಬ ಮನೆ ಮಾಡಿ ಅಲ್ಲೇ ನೆಲೆಸಿದರು. ಶಿಶುಪಾಲನೆ, ಸಂಜೆ ತರಗತಿಗಳಿಂದ ಶುರುವಾದ ಕೆಲಸ ಕಾನೂನಿನವರೆಗೆ ಹೋಯಿತು. ಅಲ್ಲಿದ್ದ ಫ್ಲಾರೆನ್ಸ್ ಕೆಲಿ ಅವರ ಹೋರಾಟದಿಂದ 1893ರಲ್ಲಿ ಇಲಿನಾಯ್ ರಾಜ್ಯ ಹೆಂಗಸರಿಗೆ ಎಂಟು ಗಂಟೆಯ ದುಡಿಮೆಯನ್ನು ನಿಗದಿಪಡಿಸಿತು. ಎರಡೇ ವರ್ಷಕ್ಕೆ ರಾಜ್ಯದ ನ್ಯಾಯಾಲಯ ಆ ಕಲಮನ್ನು ಹೊಡೆದುಹಾಕಿತು.

ಕಾನೂನು ಗಟ್ಟಿಯಾಗಲು ಹೆಣಗಳೇ ಬೀಳಬೇಕಾಯಿತು. 1911ರ ಮಾರ್ಚ್ 25, ಶನಿವಾರ ಸಂಜೆ, ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಂಪನಿಗೆ ಬೆಂಕಿ ಬಿತ್ತು. ಹೊಲಿಗೆಯ ಈ ಕಾರ್ಖಾನೆ ಇದ್ದದ್ದು ಹತ್ತಂತಸ್ತಿನ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ. ಒಂಬತ್ತನೆಯದರಲ್ಲಿ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆ ಕದ್ದೊಯ್ಯದಂತೆ ಇನ್ನೊಂದು ಬಾಗಿಲಲ್ಲೇ ಚೀಲ ತಪಾಸಣೆ ಮಾಡಿ ಬಿಡುವುದು ಮಾಲೀಕರ ಪದ್ಧತಿ. ಅಗ್ನಿಶಾಮಕದವರ ಏಣಿ ಆರನೇ ಮಹಡಿಗಷ್ಟೇ ಮುಟ್ಟಿತು. ಸತ್ತವರು 146, ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸಿಗ ಹುಡುಗಿಯರು. ಮಾಲೀಕರು ಖುಲಾಸೆಯಾದರು. ಕೆಳಗೆ ನಿಂತು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಆಮೇಲೆ ಕಾರ್ಖಾನೆ ಸುರಕ್ಷತೆಯ ಕಾನೂನುಗಳಿಗೆ ದುಡಿದು, 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು.

ಸುಧಾರಣೆ ಮತ್ತು ಸಾಮ್ರಾಜ್ಯ ಒಂದೇ ತಲೆಯಲ್ಲಿ ಹೇಗೆ ವಾಸ ಮಾಡುತ್ತಿದ್ದವು ಎಂದು ನೋಡಬೇಕಾದರೆ ಇಂಡಿಯಾನಾದ ಸೆನೆಟರ್ ಆಲ್ಬರ್ಟ್ ಬೆವರಿಜ್‌ನನ್ನು ನೋಡಬೇಕು. 1906ರಲ್ಲಿ ಮಾಂಸ ತಪಾಸಣೆಯ ಕಾಯ್ದೆಗೆ ಸೆನೆಟ್ಟಿನಲ್ಲಿ ಹೆಗಲು ಕೊಟ್ಟವನು ಅವನು. ಮಕ್ಕಳ ದುಡಿಮೆ ನಿಲ್ಲಿಸುವ ಮಸೂದೆ ಹಿಡಿದು ಬಡಿದಾಡಿದವನೂ ಅವನೇ. ಅದೇ ಮನುಷ್ಯ 1900ರ ಜನವರಿಯಲ್ಲಿ, ಫಿಲಿಪೀನ್ಸನ್ನು ಕೈಬಿಡಲೇಬಾರದು, ಅಲ್ಲಿನವರಿಗೆ ಸ್ವಯಮಾಡಳಿತದ ಯೋಗ್ಯತೆಯಿಲ್ಲ ಎಂದು ಸದನದಲ್ಲಿ ವಾದಿಸಿದ್ದ.

ಹೊರನಾಡಿನ ಈ ಹಸಿವಿಗೂ ಸಕ್ಕರೆಯ ನಂಟಿದೆ. ಹವಾಯಿಯ ಕಬ್ಬಿನ ತೋಟಗಳ ಹಿತಾಸಕ್ತಿಯಿದ್ದ ಬಿಳಿಯರು 1893ರಲ್ಲಿ ರಾಣಿ ಲಿಲಿಯುಕಲಾನಿಯನ್ನು ಇಳಿಸಿದರು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಅದೇ ವರ್ಷ ಕ್ಯೂಬಾದ ನೆಪದಲ್ಲಿ ಸ್ಪೇನಿನೊಡನೆ ಕೆಲವೇ ತಿಂಗಳ ಯುದ್ಧ ನಡೆದು, ಪೋರ್ಟೋ ರಿಕೊ ಮತ್ತು ಗುವಾಮ್ ಕೈಗೆ ಬಂದವು, ಫಿಲಿಪೀನ್ಸಿಗೆ ಎರಡು ಕೋಟಿ ಡಾಲರ್ ಕೊಟ್ಟಾಯಿತು. ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ಫಿಲಿಪಿನೋಗಳು ಹೊಸ ಒಡೆಯನನ್ನು ಒಪ್ಪಲಿಲ್ಲ. 1899ರಿಂದ 1902ರವರೆಗಿನ ಆ ಯುದ್ಧದಲ್ಲಿ 4,200ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, 20,000ಕ್ಕೂ ಹೆಚ್ಚು ಫಿಲಿಪಿನೋ ಹೋರಾಟಗಾರರು ಸತ್ತರು. ಹಿಂಸೆ, ಬರ, ರೋಗಗಳಿಂದ ಸತ್ತ ನಾಗರಿಕರು ಎರಡು ಲಕ್ಷದವರೆಗೆ ಎಂಬ ಅಂದಾಜಿದೆ. ಹಲ್ ಹೌಸಿನ ಜೇನ್ ಆಡಮ್ಸ್, ಸಾಹಿತಿ ಮಾರ್ಕ್ ಟ್ವೇನ್ ಈ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. ಕಾರ್ನೆಗಿಯಂತೂ ಆ ಎರಡು ಕೋಟಿಯನ್ನು ತಾನೇ ಕೊಟ್ಟು ಫಿಲಿಪೀನ್ಸನ್ನು ಬಿಡಿಸುತ್ತೇನೆಂದ. ಹೋಮ್‌ಸ್ಟೆಡ್ಡಿನ ಕೂಲಿಗಳ ಬಗ್ಗೆ ಇಷ್ಟು ಧಾರಾಳ ತೋರಿದ್ದರೆ ಚೆನ್ನಾಗಿತ್ತು.

ಇನ್ನುಳಿದ ಪ್ರಶ್ನೆ: ಹೊಸ ದ್ವೀಪಗಳ ಜನಕ್ಕೆ ಅಮೆರಿಕದ ಸಂವಿಧಾನ ಅನ್ವಯಿಸುತ್ತದೆಯೇ? ಅದು ನ್ಯಾಯಾಲಯಕ್ಕೆ ಬಂದದ್ದು ಕಿತ್ತಳೆ ಹಣ್ಣಿನ ರೂಪದಲ್ಲಿ. ಪೋರ್ಟೋ ರಿಕೊದಿಂದ ನ್ಯೂಯಾರ್ಕಿಗೆ ತಂದ ಕಿತ್ತಳೆಗೆ ಸುಂಕ ಹಾಕಿದ್ದನ್ನು ವ್ಯಾಪಾರಿಯೊಬ್ಬ ಪ್ರಶ್ನಿಸಿದ. 1901ರಲ್ಲಿ ಐದಕ್ಕೆ ನಾಲ್ಕರ ಬಹುಮತದಲ್ಲಿ ತೀರ್ಪು ಬಂತು: ಸಂವಿಧಾನದ ಎಲ್ಲ ರಕ್ಷಣೆಯೂ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ತೀರ್ಪು ಪ್ರಕಟಿಸಿದ ನ್ಯಾಯಮೂರ್ತಿ ಹೆನ್ರಿ ಬ್ರೌನ್, ಕರಿಯರಿಗೆ ಪ್ರತ್ಯೇಕ ರೈಲು ಡಬ್ಬಿ ಸರಿಯೆಂದು 1896ರಲ್ಲಿ ಬರೆದಿದ್ದವನು. ಕಾರ್ಖಾನೆಯ ಬಾಗಿಲು ತೆರೆಸಿದ ಸುಧಾರಣಾ ಯುಗ ಈ ಎರಡು ತೀರ್ಪುಗಳನ್ನು ಮುಟ್ಟಲಿಲ್ಲ. ಅದರ ದೊಡ್ಡ ಸೋಲು ಇದೇ ಎಂಬುದು ನನ್ನ ಅಭಿಪ್ರಾಯ.

ಫಿಲಿಪೀನ್ಸ್ 1946ರ ಜುಲೈ 4ರಂದು ಸ್ವತಂತ್ರವಾಯಿತು. ರೈಲು ಡಬ್ಬಿಯ ತೀರ್ಪಿನ ತತ್ವವನ್ನು ಸುಪ್ರೀಂ ಕೋರ್ಟು 1954ರಲ್ಲಿ ಶಾಲೆಗಳ ಪ್ರಕರಣದಲ್ಲಿ ತಳ್ಳಿಹಾಕಿತು. ಪೋರ್ಟೋ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಆ ದ್ವೀಪದಲ್ಲಿ ಇರುವವರೆಗೂ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಕಿತ್ತಳೆಯ ತೀರ್ಪು ಇನ್ನೂ ರದ್ದಾಗಿಲ್ಲ.