ಇಳಿಜಾರಿನ ಸೈಕಲ್ಲು, ನಿಲ್ಲದ ಬ್ರೇಕು

ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗಿ, ತಾಂಡೂರಿಗೆ ಹೋಗಿ, ನೆಲ ಬಹುಪಾಲು ಸಪಾಟು. ಒಂದು ಕಡೆ ಕೆಂಪು ಮುರುಂ, ಇನ್ನೊಂದು ಕಡೆ ಎರೆಭೂಮಿಯ ತೊಗರಿ, ತಾಂಡೂರು ಬಂತೆಂದರೆ ಪರ್ಸಿ ಕಲ್ಲಿನ ಗಣಿಗಳು. ಸೈಕಲ್ ತಾನಾಗಿ ಓಡುವಂಥ ಇಳಿಜಾರು ಬೇಕಾದರೆ ವಿಕಾರಾಬಾದಿನ ಅನಂತಗಿರಿ ಗುಡ್ಡ ಹತ್ತಬೇಕು, ಇಲ್ಲವೇ ಗಡಿ ದಾಟಿ ಚಿಂಚೋಳಿಯ ಕಾಡಿಗೆ ಹೋಗಬೇಕು. ಹೀಗಿದ್ದೂ 1990ರ ದಶಕದಲ್ಲಿ ಈ ಸೀಮೆಯ ಹುಡುಗರು ಮನೆಯಲ್ಲಿ ಹಟ ಹಿಡಿದದ್ದು ದಪ್ಪ ಟೈರಿನ, ನೆಟ್ಟಗಿನ ಹ್ಯಾಂಡಲಿನ ಎಂಟಿಬಿಗಾಗಿ, ಅಂದರೆ ಮೌಂಟನ್ ಬೈಕಿಗಾಗಿ. ಬೆಟ್ಟ ಇಳಿಯಲೆಂದೇ ಹುಟ್ಟಿದ ಸೈಕಲ್ಲು ಬೆಟ್ಟವಿಲ್ಲದ ಊರಿಗೆ ಬಂದ ಕಥೆ ಇದು. ವೇಗದ ಮಾತು ಇದರಲ್ಲಿ ಎಲ್ಲರೂ ಆಡುತ್ತಾರೆ. ನನ್ನ ಮಟ್ಟಿಗೆ ಇದು ಬ್ರೇಕಿನ ಚರಿತ್ರೆ.

ಶುರುವಾದದ್ದೇ ಬ್ರೇಕಿನ ಹೊಗೆಯಿಂದ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದಲ್ಲಿ ಕೆಲವು ಹುಡುಗರು ಗಡಿಯಾರ ಹಿಡಿದು ಪಂದ್ಯ ಕಟ್ಟಿದರು. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಕಚ್ಚಾ ದಾರಿ, ಸುಮಾರು 400 ಮೀಟರ್ ಇಳಿತ. ಅವರ ಕೈಯಲ್ಲಿದ್ದದ್ದು 1930–40ರ ದಶಕದ ಶ್ವಿನ್ ಕಂಪನಿಯ ಗುಜರಿ ಸೈಕಲ್ಲುಗಳು. ಬ್ರೇಕು ಹಿಂದಿನ ಹಬ್ಬಿನೊಳಗೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಕೆಳಗೆ ತಲುಪುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಹೊಸ ಗ್ರೀಸ್ ತುಂಬಿದರೇ ಮುಂದಿನ ಓಟ. ಅದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು. ಅದೇ ಗುಂಪಿನ ಗ್ಯಾರಿ ಫಿಶರ್ ತನ್ನ ಸೈಕಲ್ಲಿಗೆ ಡ್ರಮ್ ಬ್ರೇಕು, ಮೋಟಾರ್‌ಸೈಕಲ್ಲಿನ ಲಿವರು ಹಾಕಿಕೊಂಡ. ಜೋ ಬ್ರೀಜ್ 1977ರಲ್ಲಿ ಗುಜರಿಯ ಸಹವಾಸ ಬಿಟ್ಟು ಹೊಸ ಉಕ್ಕಿನ ಕೊಳವೆಗಳಿಂದಲೇ ಫ್ರೇಮು ಬೆಸೆದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ಸಾಲಾಗಿ ಹೊರಬಂದ ಮೇಲೆ ಇದು ನಾಲ್ಕು ಜನರ ಹುಚ್ಚಾಗಿ ಉಳಿಯಲಿಲ್ಲ.

ಆದರೆ ಆ ಕಾಲದ ಎಂಟಿಬಿಯ ಮೈಕಟ್ಟು ರಸ್ತೆ ಸೈಕಲ್ಲಿನದೇ. ಮುಂಗೊಳವೆ 71 ಡಿಗ್ರಿಯಷ್ಟು ಕಡಿದಾಗಿ ನಿಂತಿರುತ್ತಿತ್ತು, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮು ಗೇಣುದ್ದ. ಇಳಿಜಾರಿನಲ್ಲಿ ಮುಂಬ್ರೇಕು ಸ್ವಲ್ಪ ಜೋರಾಗಿ ಒತ್ತಿದರೆ ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಮುಂದೆ ಬೀಳುತ್ತಿದ್ದ. ಅದನ್ನೇ ಏರಿಸಿ ಬೆಟ್ಟದ ತುದಿಯಿಂದ ಬಿಡುತ್ತಿದ್ದರಲ್ಲ, ಅವರ ಎದೆಗಾರಿಕೆಗೆ ಏನೆನ್ನುವುದು! ಅಮೆರಿಕದ ಮ್ಯಾಮತ್ ಬೆಟ್ಟದಲ್ಲಿ 1985ರಿಂದ ನಡೆದ ‘ಕಾಮಿಕಾಜಿ’ ಪಂದ್ಯ ಇದಕ್ಕೆ ಸಾಕ್ಷಿ. ಜಲ್ಲಿ ಹಾಸಿದ ಅಗಲ ದಾರಿ, ಮೈಗಂಟಿದ ಬಟ್ಟೆ, ಮುಂದೆ ಭಾರಿ ಚೈನ್‌ರಿಂಗು. 1990ರಲ್ಲಿ ಕೊಲರಾಡೋದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಡೌನ್‌ಹಿಲ್ ಎಂಬ ಇಳಿಜಾರಿನ ಓಟ ಗೆದ್ದವನು ಗ್ರೆಗ್ ಹರ್ಬೋಲ್ಡ್. ಅದೇ ಕಾಲದಲ್ಲಿ ಜಾನ್ ಟೊಮ್ಯಾಕ್ ಎಂಬ ಮಹಾಶಯ ರಸ್ತೆ ರೇಸಿನ ಬಾಗಿದ ಹ್ಯಾಂಡಲ್ ಹಾಕಿಕೊಂಡೇ ಗುಡ್ಡ ಇಳಿಯುತ್ತಿದ್ದ. ಅವನ ಹಿಂದಿನ ಗಾಲಿಗೆ ಕಡ್ಡಿಗಳ ಬದಲು ಕೆವ್ಲಾರ್ ನಾರಿನ ತಟ್ಟೆ. ಬರುವ ಮೊದಲೇ ಅದರ ಗುಡುಗು ಕೇಳುತ್ತಿತ್ತು.

ಈ ಹೊತ್ತಿಗೆ ಸಸ್ಪೆನ್ಷನ್ನೂ ಬಂದಿತ್ತು. 1989ರ ರಾಕ್‌ಶಾಕ್ಸ್ ಆರ್‌ಎಸ್-1 ಫೋರ್ಕು ಐದು ಸೆಂಟಿಮೀಟರ್ ಕೂಡ ಕುಗ್ಗುತ್ತಿರಲಿಲ್ಲ. ಇಂದಿನ ಡೌನ್‌ಹಿಲ್ ಫೋರ್ಕು 20 ಸೆಂಟಿಮೀಟರ್ ಕುಗ್ಗುತ್ತದೆ. ಮ್ಯಾನಿಟೂನಂಥ ಫೋರ್ಕುಗಳೊಳಗೆ ಎಣ್ಣೆಯ ಬದಲು ಎಲಾಸ್ಟೋಮರ್ ಎಂಬ ರಬ್ಬರಿನಂಥ ಗುಂಡುಗಳಿದ್ದವು. ಚಳಿಯಲ್ಲಿ ಅವು ಖಡಕ್ ರೊಟ್ಟಿಯಷ್ಟು ಬಿರುಸು, ಸೆಕೆಯಲ್ಲಿ ಮೆತ್ತಗೆ. ನಮ್ಮ ಮೇ ತಿಂಗಳಲ್ಲಿ ಇದ್ದೂ ಇಲ್ಲದಂತೆಯೇ. ಸಸ್ಪೆನ್ಷನ್ ಬಂದು ವೇಗ ಏರಿದ್ದೇ ಬ್ರೇಕಿಗೆ ಹೊಸ ತಲೆನೋವು. ರಿಮ್ಮಿಗೆ ಕಚ್ಚುವ ಕ್ಯಾಂಟಿಲಿವರ್ ರಬ್ಬರುಗಳು ಕೆಸರಿಗೆ ಜಾರುತ್ತಿದ್ದವು, ರಿಮ್ಮು ಸೊಟ್ಟಗಾದರೆ ಉಜ್ಜುತ್ತಿದ್ದವು. 1991ರಲ್ಲೇ ಮೌಂಟನ್ ಸೈಕಲ್ ಕಂಪನಿ ತನ್ನ ಸ್ಯಾನ್ ಆಂಡ್ರಿಯಾಸ್ ಸೈಕಲ್ಲಿಗೆ ಡಿಸ್ಕ್ ಬ್ರೇಕು ಕೂರಿಸಿತ್ತು. ಉಳಿದವರಿಗೆ ಅದು ತಲೆಗೆ ಹೋಗಲು ದಶಕವೇ ಹಿಡಿಯಿತು. ಅಷ್ಟರಲ್ಲಿ ಫ್ರಾನ್ಸಿನ ನಿಕೊಲಾ ವುಯೋಜ್ 1992ರಿಂದ 2002ರೊಳಗೆ ಕಿರಿಯರ, ಹಿರಿಯರ ವಿಭಾಗ ಸೇರಿಸಿ 10 ಡೌನ್‌ಹಿಲ್ ವಿಶ್ವ ಪ್ರಶಸ್ತಿ ಬಾಚಿಕೊಂಡಿದ್ದ.

ಡೌನ್‌ಹಿಲ್ ಸೈಕಲ್ಲಿನ ವಿಚಿತ್ರಗಳಲ್ಲಿ ನನ್ನ ಮೆಚ್ಚಿನದು ಹೋಂಡಾದ ಆರ್‌ಎನ್01. ಗೇರೆಲ್ಲ ಫ್ರೇಮಿನ ಮಧ್ಯದ ಪೆಟ್ಟಿಗೆಯೊಳಗೆ. ಒಳಗೇನಿದೆಯೆಂದು ತಂಡ ಯಾರಿಗೂ ತೋರಿಸುತ್ತಿರಲಿಲ್ಲ. ಕೊನೆಗೆ ನೋಡಿದರೆ ಗೇರಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವ ಚೈನು, ಗೇರು ಬದಲಿಸುವ ಡಿರೇಲರನ್ನೇ ಮುಚ್ಚಿಟ್ಟಿದ್ದರು! ಗ್ರೆಗ್ ಮಿನಾರ್ ಅದರ ಮೇಲೆ ವಿಶ್ವಕಪ್ ಗೆದ್ದ. ಕಂಪನಿ ಮಾತ್ರ ಒಂದನ್ನೂ ಮಾರಲಿಲ್ಲ.

ಡ್ಯುಯಲ್ ಸ್ಲಾಲಮ್‌ನ ಸೈಕಲ್ಲು ಇದಕ್ಕೆ ತದ್ವಿರುದ್ಧ. ಇಬ್ಬರು ಅಕ್ಕಪಕ್ಕದ ಎರಡು ಹಾದಿಗಳಲ್ಲಿ ಕಂಬಗಳನ್ನು ಸುತ್ತುತ್ತ ಇಳಿಯುತ್ತಾರೆ; ಆಮೇಲೆ ಹಾದಿ ಅದಲುಬದಲು. ಪುಟ್ಟ ಫ್ರೇಮು, ನೆಲಕ್ಕಂಟಿದ ಸೀಟು, ಹಿಂದೆ ಸಸ್ಪೆನ್ಷನ್ ಇಲ್ಲ. ಕೂತು ತುಳಿಯಹೋದರೆ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ. ನೋಡಲು ಇದಕ್ಕಿಂತ ಸೊಗಸಾದ ಪಂದ್ಯವಿಲ್ಲ. ಅದು ವಿಶ್ವಕಪ್ಪಿನಲ್ಲಿದ್ದದ್ದು 1998ರಿಂದ 2001ರವರೆಗೆ ಮಾತ್ರ. 2002ರಲ್ಲಿ ನಾಲ್ವರು ಒಟ್ಟಿಗೆ ನುಗ್ಗುವ ಫೋರ್‌ಕ್ರಾಸ್ ಅದನ್ನು ನುಂಗಿತು. 2011ರ ಬಳಿಕ ವಿಶ್ವಕಪ್ಪಿನಿಂದ ಅದೂ ಹೊರಬಿತ್ತು. ಎರಡನ್ನೂ ಕೈಬಿಟ್ಟದ್ದು ದಡ್ಡತನ.

ಇತ್ತ ನಮ್ಮಲ್ಲಿ ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್ ಬಂದವು. ಅದುವರೆಗೆ ಇದ್ದದ್ದು ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು, ಕೈಂಚಿ ಹೊಡೆದು ಕಲಿಯುವ ಕರಿ ಸೈಕಲ್ಲು, ಕಂಬಿಯಿಂದ ಎಳೆಯುವ ಬ್ರೇಕು. ಬ್ರೇಕು ಹಿಡಿಯದಿದ್ದರೆ ಚಪ್ಪಲಿಯನ್ನೇ ಟೈರಿಗೆ ಒತ್ತುವುದು. ಹೊಸದರ ರೂಪ ಕ್ಯಾಲಿಫೋರ್ನಿಯಾದ್ದು, ಒಳಗಿನ ಸರಕು ಹಳೆಯದೇ. ಬಹುಪಾಲಿಗೆ ಒಂದೇ ಗೇರು, ತೂಕಕ್ಕೆ ಬರವಿಲ್ಲ, ಫಳಫಳಿಸುವ ಉಕ್ಕಿನ ರಿಮ್ಮು. ಆಮೇಲೆ ಕೆಲವಕ್ಕೆ ಸೀಟಿನ ಕೆಳಗೆ ಸ್ಪ್ರಿಂಗೂ ಬಂತು. ಅದರ ಕೆಲಸ ತುಳಿದಾಗ ಸೈಕಲ್ಲನ್ನು ಕುಣಿಸುವುದಷ್ಟೇ. ಆದರೆ ದಪ್ಪ ಟೈರನ್ನು ಹೀಗಳೆಯಲಾರೆ. ಎರೆ ಹೊಲದ ಬಂಡಿ ಜಾಡಿನಲ್ಲಿ, ಗಣಿಯ ಕಲ್ಲುಚೂರಿನ ದಾರಿಯಲ್ಲಿ ಅದರಷ್ಟು ನಂಬಿಕೆಯದು ಬೇರೆ ಇರಲಿಲ್ಲ. ಜಾಲಿಮುಳ್ಳಿಗೆ ಮಾತ್ರ ಅದೂ ಬಗ್ಗುತ್ತಿತ್ತು.

ಗೇರು, ಡಿಸ್ಕು ಇದ್ದ ನಿಜವಾದ ಎಂಟಿಬಿಗಳು ಮಧ್ಯಮ ವರ್ಗದ ಕೈಗೆಟುಕತೊಡಗಿದ್ದು 2005ರಲ್ಲಿ ಫೈರ್‌ಫಾಕ್ಸ್ ಸೈಕಲ್ ಕಂಪನಿ, 2009ರಲ್ಲಿ ಬೆಂಗಳೂರಿನಲ್ಲಿ ಡೆಕಾಥ್ಲಾನ್ ಅಂಗಡಿ ಬಾಗಿಲು ತೆರೆದ ಮೇಲೆ. ಹಿಮಾಚಲದಲ್ಲಿ ಎಂಟಿಬಿ ಪಂದ್ಯ ಶುರುವಾದದ್ದೂ 2005ರಲ್ಲೇ. ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ಕನ್ನಡನಾಡಿನ ಗದಗಿಗೆ ಬಂದದ್ದು 2021ರಲ್ಲಿ.

ಹಳೆಯ ರೇಂಜರೋ ಹರ್ಕ್ಯುಲಿಸೋ ನಿಮ್ಮ ಹಿತ್ತಲಲ್ಲಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ. ಹೊಲದ ದಾರಿಗೆ ಅದು ಇಂದಿಗೂ ಸಾಕು. ಆದರೆ ಮಳೆಗಾಲದಲ್ಲಿ ಅದನ್ನೇರಿ ಅನಂತಗಿರಿ ಇಳಿಯುವ ಆಸೆಯಿದ್ದರೆ ಮೊದಲು ಉಕ್ಕಿನ ರಿಮ್ಮು ತೆಗೆಸಿ ಅಲ್ಯೂಮಿನಿಯಂ ರಿಮ್ಮು, ಹೊಸ ಬ್ರೇಕ್ ರಬ್ಬರು ಹಾಕಿಸಿ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕು ನಿಲ್ಲುವುದಿಲ್ಲ.